ಮಕ್ಕಳ ತಪ್ಪನ್ನು ಓದಬಲ್ಲ ಶಿಕ್ಷಕರು



ಕೈಗೆ ಎಟುಕುವಲ್ಲಿ ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೂ ಚಿಂತೆಯಿಲ್ಲ, ಮನಸ್ಸಿನಲ್ಲೇ ಗೆರೆ ಎಳೆಯಿರಿ. ಒಂದು ಸಮಬಾಹು ತ್ರಿಭುಜ ಬರೆಯಬೇಕು. ಮೂರು ಬಾಹುಗಳೂ ಸಮ, ಒಳಗಿನ ಒಂದೊಂದು ಕೋನವೂ 60 ಡಿಗ್ರಿ. ಇದು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ಮಕ್ಕಳಿಗೆ ಬಾಯಿಪಾಠ. ಈಗ ಪೆನ್ಸಿಲ್ಲಿನ ತುದಿಯಲ್ಲಿ ನೀವೇ ನಿಂತಿದ್ದೀರಿ ಅಂದುಕೊಳ್ಳಿ. ನೂರು ಹೆಜ್ಜೆ ನೇರ ಮುಂದೆ ಹೋಗಿ. ನಿಂತಲ್ಲೇ 60 ಡಿಗ್ರಿ ಬಲಕ್ಕೆ ತಿರುಗಿ. ಇದನ್ನೇ ಒಟ್ಟು ಮೂರು ಸಲ ಮಾಡಿ.

ತ್ರಿಭುಜ ಬಂತೇ? ಬರುವುದಿಲ್ಲ. ಮೂರು ಗೆರೆಗಳೇನೋ ಬಿದ್ದಿರುತ್ತವೆ. ಆದರೆ ಕೊನೆಯ ಗೆರೆ ಹೊರಟ ಜಾಗಕ್ಕೆ ಬಂದು ಮುಟ್ಟಿರುವುದಿಲ್ಲ, ಇನ್ನೂರು ಹೆಜ್ಜೆ ಆಚೆಗೇ ನಿಂತಿರುತ್ತದೆ. ನೀವು ಬರೆದದ್ದು ಷಡ್ಭುಜದ ಅರ್ಧ.

ಕಂಪ್ಯೂಟರಿನಲ್ಲಿ ಸ್ಕ್ರಾಚ್ ಎಂಬ ತಂತ್ರಾಂಶದ ಮುಂದೆ ಹೊಸದಾಗಿ ಕೂತ ಮಕ್ಕಳು ಈ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಆ ಮಕ್ಕಳಿಗೆ ಕಲಿಸಲೆಂದು ತರಬೇತಿಗೆ ಬಂದ ಶಿಕ್ಷಕರೂ ಮಾಡುತ್ತಾರೆ, ಗಣಿತದ ಮೇಷ್ಟ್ರೂ ಇದಕ್ಕೆ ಹೊರತಲ್ಲ. ಶಾಲೆಯಲ್ಲಿ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವುದನ್ನು ಕಲಿಸಲು ಶಿಕ್ಷಕರನ್ನು ಹೇಗೆ ತಯಾರು ಮಾಡಬೇಕು ಎನ್ನುವುದು ಇವತ್ತಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸರಿಯಾದ ಪ್ರೋಗ್ರಾಂ ಮಾಡುವುದು ಶಿಕ್ಷಕರಿಗೆ ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ. ಮಗು ಮಾಡಿದ ತಪ್ಪು ಪ್ರೋಗ್ರಾಮನ್ನು ಓದಿ, ಇದನ್ನು ಮಾಡುವಾಗ ಮಗು ಏನು ಯೋಚಿಸುತ್ತಿತ್ತು ಎಂದು ಹಿಡಿಯುವುದಕ್ಕೆ ಬೇರೆಯದೇ ತಯಾರಿ ಬೇಕು. ನಮ್ಮಲ್ಲಿ ಮೊದಲನೆಯದಕ್ಕೆ ಸಮಯ ಸಿಗುತ್ತದೆ, ಎರಡನೆಯದು ವೇಳಾಪಟ್ಟಿಯಲ್ಲೇ ಇರುವುದಿಲ್ಲ.

ಪೋಷಕರೂ ಕೇಳುತ್ತಿರಬಹುದು, ಆದ್ದರಿಂದ ಸ್ಕ್ರಾಚ್ ಅಂದರೇನು ಎಂದು ಎರಡು ಮಾತು. ಪ್ರೋಗ್ರಾಂ ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಸಾಲು. ಸಾಮಾನ್ಯವಾಗಿ ಅದನ್ನು ಕೀಲಿಮಣೆಯಲ್ಲಿ ಟೈಪ್ ಮಾಡಿ ಬರೆಯುತ್ತಾರೆ. ಒಂದು ಚಿಹ್ನೆ ಬಿಟ್ಟುಹೋದರೂ ಅದು ಓಡುವುದಿಲ್ಲ. ಸ್ಕ್ರಾಚಿನಲ್ಲಿ ಟೈಪ್ ಮಾಡುವ ಗೋಜಿಲ್ಲ. ಆದೇಶಗಳೆಲ್ಲ ಬಣ್ಣಬಣ್ಣದ ಬ್ಲಾಕುಗಳಾಗಿ ಪರದೆಯ ಪಕ್ಕದಲ್ಲಿ ಕಾಯುತ್ತಿರುತ್ತವೆ. ಮೌಸಿನಿಂದ ಎಳೆದು ಒಂದರ ಕೆಳಗೊಂದು ಸಿಕ್ಕಿಸಿದರೆ ಆಯಿತು. ಹೊಂದದ ಬ್ಲಾಕು ಕೂರುವುದೇ ಇಲ್ಲ. ಹಸಿರು ಬಾವುಟ ಒತ್ತಿದರೆ ಪರದೆಯ ಮೇಲಿನ ಬೆಕ್ಕು ನೀವು ಹೇಳಿದಂತೆ ನಡೆಯುತ್ತದೆ, ಮಾತಾಡುತ್ತದೆ, ಗೆರೆ ಎಳೆಯುತ್ತದೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಇದನ್ನು 8ರಿಂದ 16 ವಯಸ್ಸಿನ ಮಕ್ಕಳಿಗೆಂದು ರೂಪಿಸಿ 2007ರಲ್ಲಿ ಹೊರತಂದಿತು. ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಕಿಲ್ಲ.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1967ರಲ್ಲಿ ಸೀಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್‌ಝೈಗ್ ಮತ್ತವರ ಜೊತೆಗಾರರು ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಂ ಭಾಷೆ ಮಾಡಿದರು. ಆಮೇಲೆ ಅದಕ್ಕೆ ಒಂದು ಆಮೆ ಸೇರಿತು. ಮುಂದೆ ಹೋಗು ಎಂದರೆ ಹೋಗುತ್ತದೆ, ತಿರುಗು ಎಂದರೆ ತಿರುಗುತ್ತದೆ, ಹೋದಲ್ಲೆಲ್ಲ ಗೆರೆ ಬೀಳುತ್ತದೆ. ಪ್ಯಾಪರ್ಟ್ ಗಣಿತಜ್ಞರು, ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆ ಜೊತೆ ಕೆಲಸ ಮಾಡಿ, ಮಕ್ಕಳು ಹೇಗೆ ಯೋಚಿಸುತ್ತಾರೆ ಎಂದು ಹತ್ತಿರದಿಂದ ನೋಡಿದ್ದವರು. ಆಮೆ ತಪ್ಪು ದಾರಿ ಹಿಡಿದಾಗ ಮಗು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಬೇಕು ಎಂಬುದು ಅವರ ವಾದ. ತಪ್ಪನ್ನು ಅಳಿಸಿಹಾಕುವ ಆತುರ ಬೇಡ, ಅದನ್ನು ಬಿಡಿಸಿ ನೋಡುವುದರಲ್ಲೇ ಕಲಿಕೆ ಇದೆ ಎಂದು ಅವರು ನಂಬಿದ್ದರು. ಮಕ್ಕಳ ಕೈಗೆ ಪ್ರೋಗ್ರಾಂ ಬಂದದ್ದೇ ಗಣಿತವನ್ನು ಮೈಯಾರ ಅನುಭವಿಸುವುದಕ್ಕೆ. ಇಂಜಿನಿಯರುಗಳನ್ನು ತಯಾರು ಮಾಡುವುದು ಆಮೇಲಿನ ಮಾತು.

ಈಗ ನಮ್ಮ ಕಡೆಗೆ ಬರೋಣ. ಹೊನ್ನಾಳಿಯಿಂದ ಬೇರೆಯಾಗಿ ಕೆಲವೇ ವರ್ಷಗಳ ಹಿಂದೆ ತಾಲ್ಲೂಕಾದ ನ್ಯಾಮತಿಯನ್ನೇ ತೆಗೆದುಕೊಳ್ಳಿ. ಇತ್ತ ಬಯಲುಸೀಮೆಯ ಮೆಕ್ಕೆಜೋಳ, ಅತ್ತ ಮಲೆನಾಡಿನ ಸೆರಗಿನ ಅಡಿಕೆ. ಇಲ್ಲಿಯ ಸೂರಗೊಂಡನಕೊಪ್ಪ ಲಂಬಾಣಿಗರ ಸಂತ ಸೇವಾಲಾಲರ ಕ್ಷೇತ್ರ. ಸುತ್ತಲ ತಾಂಡಾಗಳಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ. ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಇಂಥ ಕಡೆ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿ ಹೇಗಿರುತ್ತದೆ ಎಂದು ಈ ಮಾತು ಕೇಳುತ್ತಿರುವ ಶಿಕ್ಷಕರಿಗೆ ನಾನು ವರ್ಣಿಸಬೇಕಿಲ್ಲ. ಇರುವ ಯಂತ್ರಗಳಲ್ಲಿ ಕೆಲವು ಓಡುತ್ತವೆ, ಕೆಲವು ಓಡುವುದಿಲ್ಲ. ಕರೆಂಟು ತನ್ನ ಪಾಡಿಗೆ ತಾನು ಬಂದು ಹೋಗುತ್ತದೆ. ಕಂಪ್ಯೂಟರ್ ಶಿಕ್ಷಕ ಎಂಬ ಪ್ರತ್ಯೇಕ ಹುದ್ದೆ ಇರುವುದಿಲ್ಲ. ವಿಜ್ಞಾನದ ಮೇಡಮ್ಮೋ ಗಣಿತದ ಸರ್ರೋ ತಮ್ಮ ಪಾಠದ ಜೊತೆಗೆ ಇದನ್ನೂ ಹೊರುತ್ತಾರೆ.

ಹೊರೆ ಇನ್ನು ಹೆಚ್ಚುವುದೇ ಸೈ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯ ಹಂತದಿಂದ ಕೋಡಿಂಗ್ ಚಟುವಟಿಕೆ ಇರಬೇಕು ಎಂದಿತು. ಸಿಬಿಎಸ್‌ಇ 2021ರಲ್ಲೇ 6ರಿಂದ 8ನೇ ತರಗತಿಗೆ ಕೋಡಿಂಗನ್ನು ಕೌಶಲ ವಿಷಯವಾಗಿ ತಂದಿತು. ರಾಜ್ಯದ ನೀತಿ ಯಾವ ದಾರಿಯನ್ನೇ ಹಿಡಿಯಲಿ, ಹಳ್ಳಿಯ ಅಪ್ಪ ಅಮ್ಮಂದಿರು ಆಗಲೇ ಕೇಳತೊಡಗಿದ್ದಾರೆ: ಖಾಸಗಿ ಶಾಲೆಯಲ್ಲಿ ಕೋಡಿಂಗ್ ಇದೆಯಂತೆ, ನಮ್ಮಲ್ಲಿ ಯಾವಾಗ ಸರ್?

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಹಿಂದೆ ಏನಾಗಿದೆ ಎಂದು ನೋಡುವುದು ಒಳ್ಳೆಯದು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ದೇಶದ ಆಯ್ದ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಬಂದದ್ದು ಬಿಬಿಸಿ ಮೈಕ್ರೋ ಯಂತ್ರಗಳು. ಬಾನುಲಿ ಕೇಳುಗರಿಗೆ ಇದು ಕುತೂಹಲದ ಸಂಗತಿ: ಬ್ರಿಟನ್ನಿನ ಪ್ರಸಾರ ಸಂಸ್ಥೆಯೇ ಜನರಿಗೆ ಕಂಪ್ಯೂಟರ್ ಕಲಿಸಲು 1982ರಲ್ಲಿ ಟೆಲಿವಿಷನ್ ಕಾರ್ಯಕ್ರಮ ಮಾಡಿ, ಅದಕ್ಕೆ ಜೊತೆಯಾಗಿ ತನ್ನ ಹೆಸರಿನಲ್ಲಿ ಒಂದು ಯಂತ್ರವನ್ನೂ ಮಾಡಿಸಿತ್ತು. ಅದನ್ನು ತಯಾರಿಸಿದ್ದು ಏಕಾರ್ನ್ ಕಂಪನಿ. ಆ ಯಂತ್ರವೇ ನಮ್ಮ ಶಾಲೆಗಳಿಗೂ ಬಂತು.

ಆಮೇಲೆ ಕರ್ನಾಟಕದಲ್ಲಿ 2001ರ ಹೊತ್ತಿಗೆ ‘ಮಾಹಿತಿ ಸಿಂಧು’ ಬಂತು. ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಯಂತ್ರ ನೋಡಿಕೊಳ್ಳುವುದು, ಕಲಿಸುವುದು ಎರಡನ್ನೂ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆಯ ಬೋಧಕ ಬರುತ್ತಿದ್ದ, ಕಲಿಸುತ್ತಿದ್ದ, ಹೋಗುತ್ತಿದ್ದ. ಅವಧಿ ಮುಗಿದ ಮೇಲೆ ಕೊಠಡಿಯ ಬೀಗದ ಕೈ ಶಾಲೆಯ ಕೈಗೆ ಬಂತು, ವಿದ್ಯೆ ಬರಲಿಲ್ಲ. ಏಕೆಂದರೆ ಶಾಲೆಯ ಕಾಯಂ ಶಿಕ್ಷಕರು ಆ ಕೊಠಡಿಯಲ್ಲಿ ಅತಿಥಿಗಳಾಗಿಯೇ ಉಳಿದಿದ್ದರು.

ಈ ಪಾಠ ಕಲಿತ ಮೇಲೆ ದಿಕ್ಕು ಬದಲಾಯಿತು. 2016-17ರಿಂದ ‘ಟ್ಯಾಲ್ಪ್’ ಎಂದು ನಾವೆಲ್ಲ ಕರೆಯುವ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ ಪ್ರೌಢಶಾಲೆಯ ವಿಷಯ ಶಿಕ್ಷಕರಿಗೇ ತರಬೇತಿ ಶುರುವಾಯಿತು. ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ, ಕನ್ನಡ ಟೈಪಿಂಗ್, ಗಣಿತಕ್ಕೆ ಜಿಯೋಜೀಬ್ರಾ ಇವನ್ನೆಲ್ಲ ಕಲಿತ ಶಿಕ್ಷಕರು ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆ ಇದ್ದಾರೆ. ಸ್ಕ್ರಾಚ್ ಕಲಿಸಲು ಹೊಸಬರನ್ನು ಎಲ್ಲಿಂದಲೋ ತರಬೇಕಿಲ್ಲ, ಇವರೇ ಇದ್ದಾರಲ್ಲ.

ಇದೇ ಕೆಲಸವನ್ನು ಗಡಿಯಾಚೆ ನಮ್ಮ ಭಾಷೆಯಲ್ಲೇ ಮಾಡುತ್ತಿರುವವರೂ ಇದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿತು, 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಮೊದಲಿಂದಲೂ ಅವರು ಶಾಲಾ ಶಿಕ್ಷಕರಲ್ಲೇ ಆಸಕ್ತರನ್ನು ಆರಿಸಿ ಮಾಸ್ಟರ್ ಟ್ರೈನರುಗಳನ್ನಾಗಿ ಮಾಡಿದರು. ಶಾಲೆಗೊಬ್ಬ ಐಟಿ ಸಂಯೋಜಕ, ಆತನೂ ಅಲ್ಲಿಯ ಶಿಕ್ಷಕನೇ. ಐಟಿ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್ ಅಲ್ಲದೆ ಕನ್ನಡ, ತಮಿಳಿನಲ್ಲೂ ಬರುತ್ತದೆ. ಅದರಲ್ಲಿ ಸ್ಕ್ರಾಚ್ ಇದೆ. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟ ಶುರು ಮಾಡಿದರು. ಅದನ್ನು ನಡೆಸುವವರೂ ಆಯಾ ಶಾಲೆಯ ಶಿಕ್ಷಕ, ಶಿಕ್ಷಕಿಯರೇ.

ಶ್ರೀಮಂತ ದೇಶಗಳೂ ಇಲ್ಲಿ ಎಡವಿವೆ. ಇಂಗ್ಲೆಂಡ್ 2014ರ ಸೆಪ್ಟೆಂಬರಿನಲ್ಲಿ ಐದು ವರ್ಷದ ಮಕ್ಕಳಿಂದಲೇ ಕಂಪ್ಯೂಟಿಂಗ್ ಪಾಠ ತಂದಿತು. ಪಠ್ಯಕ್ರಮ ಮುಂದೆ ಓಡಿತು, ಶಿಕ್ಷಕರ ತಯಾರಿ ಹಿಂದೆ ಬಿತ್ತು. ಅನೇಕ ಶಿಕ್ಷಕರಿಗೆ ಈ ವಿಷಯ ಕಲಿಸುವ ಧೈರ್ಯವೇ ಇಲ್ಲ ಎಂದು 2017ರಲ್ಲಿ ರಾಯಲ್ ಸೊಸೈಟಿಯ ವರದಿ ಹೇಳಿತು. ಅಲ್ಲಿಯ ಸರ್ಕಾರ 8.4 ಕೋಟಿ ಪೌಂಡ್ ತೆಗೆದಿಟ್ಟು ಮರುವರ್ಷ ಶಿಕ್ಷಕರ ತಯಾರಿಗೆಂದೇ ರಾಷ್ಟ್ರೀಯ ಕೇಂದ್ರ ಸ್ಥಾಪಿಸಬೇಕಾಯಿತು.

ಸರಿ, ತಯಾರಿ ಅಂದರೆ ಏನು ಮಾಡಬೇಕು? ನಮ್ಮ ಅರ್ಧ ಷಡ್ಭುಜವನ್ನೇ ಮೇಜಿನ ಮೇಲೆ ಇಟ್ಟುಕೊಂಡು ನೋಡೋಣ. ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಮೂರು ಸಲ, ನೂರು ಹೆಜ್ಜೆ, 60 ಡಿಗ್ರಿ’ ಎಂದು ಬ್ಲಾಕ್ ಜೋಡಿಸಿ, ತ್ರಿಭುಜ ಬರಲಿಲ್ಲವೆಂದು ಪೆಚ್ಚಾಗಿ ಕೂತಿದ್ದಾಳೆ. ಒಬ್ಬ ಶಿಕ್ಷಕರು ಬಂದು, ‘ತಪ್ಪಮ್ಮ, 120 ಹಾಕು’ ಎನ್ನುತ್ತಾರೆ. ಅವಳು ಹಾಕುತ್ತಾಳೆ, ತ್ರಿಭುಜ ಬರುತ್ತದೆ, ಎಲ್ಲರೂ ಖುಷಿ. ಅವಳು ಕಲಿತದ್ದು ಒಂದು ಸಂಖ್ಯೆ. ನಾಳೆ ಪಂಚಭುಜ ಬಂದಾಗ ಮತ್ತೆ ಕೈಕಟ್ಟಿ ಕೂರುತ್ತಾಳೆ. ಇನ್ನೊಬ್ಬರು ಬಂದು ಮೌಸನ್ನೇ ಕಸಿದುಕೊಂಡು ಟಕಟಕನೆ ಸರಿ ಮಾಡಿ ಮುಂದಿನ ಯಂತ್ರಕ್ಕೆ ಹೋಗುತ್ತಾರೆ. ಆಗ ಕಲಿಕೆಯಾದದ್ದು ಆ ಶಿಕ್ಷಕರಿಗೆ.

ತಪ್ಪನ್ನು ಓದಬಲ್ಲ ಶಿಕ್ಷಕಿ ಬಂದರೆ ಹೀಗಾಗುತ್ತದೆ. ಪ್ರೋಗ್ರಾಂ ನೋಡುತ್ತಲೇ ಆಕೆಗೆ ಗೊತ್ತಾಗುತ್ತದೆ: ಈ ಹುಡುಗಿ ಗಣಿತದಲ್ಲಿ ಹಿಂದೆ ಬಿದ್ದವಳಲ್ಲ, ತ್ರಿಭುಜದ ಒಳಕೋನ 60 ಎಂದು ಚೆನ್ನಾಗಿ ನೆನಪಿಟ್ಟುಕೊಂಡಿರುವುದರಿಂದಲೇ ಎಡವಿದ್ದಾಳೆ. ‘ಬಾ ಪುಟ್ಟಿ, ಹೊರಗೆ ನಡೆದು ನೋಡೋಣ’ ಎಂದು ಅಂಗಳಕ್ಕೆ ಕರೆದೊಯ್ಯುತ್ತಾರೆ. ಸುಣ್ಣದ ಪುಡಿಯಲ್ಲಿ ದೊಡ್ಡ ತ್ರಿಭುಜ. ಹುಡುಗಿ ಗೆರೆಯ ಮೇಲೆ ನಡೆದು ಮೂಲೆಗೆ ಬರುತ್ತಾಳೆ. ‘ಇನ್ನು ಎಷ್ಟು ತಿರುಗಿದರೆ ಆ ಗೆರೆಗೆ ಮುಖ ಮಾಡುತ್ತೀ?’ ಅವಳು ತಿರುಗುತ್ತಾಳೆ. ಅರೆ, 60ಕ್ಕೆ ನಿಲ್ಲಲಿಲ್ಲ, ಲಂಬಕೋನವನ್ನೂ ದಾಟಿ ಹೋದಳು. ನೇರ ಹೋಗುವ ದಾರಿಯಿಂದ ಅವಳು ಹೊರಳಬೇಕಾದದ್ದು 180ರಲ್ಲಿ 60 ಕಳೆದು 120. ಮೂರೂ ಮೂಲೆ ತಿರುಗಿ ಹೊರಟ ಜಾಗಕ್ಕೆ ಬಂದಾಗ ಅವಳ ಮುಖ ಮೊದಲಿದ್ದ ಕಡೆಗೇ ಇದೆ. ಅಂದರೆ ಒಟ್ಟು ತಿರುಗಿದ್ದು ಒಂದು ಪೂರ್ತಿ ಸುತ್ತು, 360 ಡಿಗ್ರಿ. ಬಹುಭುಜದ ಹೊರಕೋನಗಳ ಮೊತ್ತ 360 ಎಂದು ಎಂಟನೇ ತರಗತಿಯ ಗಣಿತ ಪುಸ್ತಕದಲ್ಲಿ ಓದಿದ್ದು ಈಗ ಕಾಲಿಗೆ ತಿಳಿಯಿತು. ಇನ್ನು ಪಂಚಭುಜಕ್ಕೆ ಯಾರನ್ನೂ ಕೇಳಬೇಕಿಲ್ಲ: 360ನ್ನು ಐದರಿಂದ ಭಾಗಿಸಿದರೆ 72. ಅಲ್ಲಿಂದ ಮುಂದೆ ಎಂಟು ದಳದ ರಂಗೋಲಿಗೂ ಅದೇ ಲೆಕ್ಕ.

ಇನ್ನೊಂದು ತಪ್ಪು ನೋಡಿ. ಒಬ್ಬ ಹುಡುಗ ಆಟ ಮಾಡಿದ್ದಾನೆ. ಮೇಲಿಂದ ಮೆಕ್ಕೆಜೋಳದ ತೆನೆ ಬೀಳುತ್ತದೆ, ಕೆಳಗೆ ಬುಟ್ಟಿ. ತೆನೆ ಬುಟ್ಟಿಗೆ ತಗುಲಿದರೆ ಒಂದು ಅಂಕ. ಎಲ್ಲ ಚೆನ್ನಾಗಿದೆ, ಅಂಕ ಮಾತ್ರ ಏರುವುದಿಲ್ಲ. ಸೊನ್ನೆ, ಒಂದು, ಮತ್ತೆ ಸೊನ್ನೆ. ‘ಕಂಪ್ಯೂಟರ್ ಹಾಳಾಗಿದೆ ಸರ್’ ಎನ್ನುತ್ತಾನೆ. ಪ್ರೋಗ್ರಾಂ ಓದಿದರೆ ‘ಅಂಕವನ್ನು ಸೊನ್ನೆ ಮಾಡು’ ಎಂಬ ಬ್ಲಾಕು, ಸದಾ ಸುತ್ತುತ್ತಲೇ ಇರುವ ಲೂಪಿನ ಒಳಗೆ ಕೂತಿದೆ. ಒಂದೊಂದು ಸುತ್ತಿಗೂ ಅಂಕ ಅಳಿಸಿಹೋಗುತ್ತಿದೆ. ಹುಡುಗನನ್ನು ಕೇಳಿದರೆ, ‘ಆಟ ಶುರುವಾಗುವಾಗ ಮಾತ್ರ ಸೊನ್ನೆ ಮಾಡಬೇಕು ಅಂತ ಅದಕ್ಕೆ ಗೊತ್ತಾಗಬೇಕಲ್ವಾ ಸರ್?’ ಎನ್ನುತ್ತಾನೆ. ಅಂದರೆ ಯಂತ್ರಕ್ಕೆ ತನ್ನ ಮನಸ್ಸಿನಲ್ಲಿರುವುದು ತಿಳಿಯುತ್ತದೆ ಎಂಬ ಭಾವನೆ. ಹೊಸದಾಗಿ ಪ್ರೋಗ್ರಾಂ ಕಲಿಯುವವರ ಅನೇಕ ತಪ್ಪುಗಳ ಹಿಂದೆ ಈ ಒಂದು ಭಾವನೆಯೇ ಇದೆ ಎಂದು ಅಮೆರಿಕದ ಸಂಶೋಧಕ ರಾಯ್ ಪೀ 1986ರಲ್ಲೇ ಬರೆದಿದ್ದರು. ಇದು ಗೊತ್ತಿರುವ ಶಿಕ್ಷಕರು ಬ್ಲಾಕನ್ನು ತಾವೇ ಎಳೆದು ಹೊರಗೆ ಹಾಕುವುದಿಲ್ಲ. ‘ಈಗ ನೀನೇ ಕಂಪ್ಯೂಟರು. ನಾನು ಒಂದೊಂದೇ ಬ್ಲಾಕು ಓದುತ್ತೇನೆ, ಅಂಕ ಎಷ್ಟಾಯಿತು ಅಂತ ಹಾಳೆ ಮೇಲೆ ಬರಿ’ ಎನ್ನುತ್ತಾರೆ. ಎರಡನೇ ಸುತ್ತಿಗೆ ಹುಡುಗನೇ ತಲೆ ಚಚ್ಚಿಕೊಂಡು ನಗುತ್ತಾನೆ.

ಶಿಕ್ಷಕರಿಗೆ ಈ ಕಣ್ಣು ಬರಬೇಕಾದರೆ ತರಬೇತಿಯ ರೀತಿ ಬದಲಾಗಬೇಕು. ಈಗ ಸಾಮಾನ್ಯವಾಗಿ ನಡೆಯುವುದು ಹೀಗೆ: ಸಂಪನ್ಮೂಲ ವ್ಯಕ್ತಿ ಪ್ರೊಜೆಕ್ಟರಿನಲ್ಲಿ ಬ್ಲಾಕ್ ಜೋಡಿಸುತ್ತಾರೆ, ಉಳಿದವರು ನೋಡಿಕೊಂಡು ಹಾಗೇ ಜೋಡಿಸುತ್ತಾರೆ. ಒಬ್ಬರು ಅಡಿಕೆ ಸುಲಿಯುವುದನ್ನು ನಲವತ್ತು ಜನ ಕೂತು ನೋಡಿದ ಹಾಗೆ. ಸಂಜೆಗೆ ಎಲ್ಲರ ಪರದೆಯ ಮೇಲೂ ಒಂದೇ ಬೆಕ್ಕು, ಒಂದೇ ಓಟ, ಫೋಟೋ, ಪ್ರಮಾಣಪತ್ರ. ಮಾರನೇ ವಾರ ತರಗತಿಯಲ್ಲಿ ಮಗು ಬೇರೇನೋ ಮಾಡಿಬಿಟ್ಟರೆ ದಿಕ್ಕು ತೋಚುವುದಿಲ್ಲ.

ಇದಕ್ಕೆ ಬದಲು ಏನು ಮಾಡಬಹುದು? ಮೊದಲನೆಯದು, ಬಾವುಟ ಒತ್ತುವ ಮುನ್ನ ಊಹಿಸುವುದು. ಸಿದ್ಧವಾದ ಒಂದು ಪ್ರೋಗ್ರಾಂ ತೋರಿಸಿ, ಇದು ಓಡಿದರೆ ಏನಾಗುತ್ತದೆ ಎಂದು ಪ್ರತಿಯೊಬ್ಬರೂ ಬರೆದಿಡಬೇಕು. ಆಮೇಲೆ ಓಡಿಸಬೇಕು. ಊಹೆಗೂ ನಡೆದದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲೇ ಪಾಠ. ಬ್ರಿಟನ್ನಿನ ಸ್ಯೂ ಸೆಂಟನ್ಸ್ ಎಂಬ ಶಿಕ್ಷಣ ತಜ್ಞೆ ಇದನ್ನು ಐದು ಮೆಟ್ಟಿಲಾಗಿ ಮಾಡಿದ್ದಾರೆ: ಊಹಿಸು, ಓಡಿಸು, ಕೆದಕಿ ನೋಡು, ಕೊಂಚ ಬದಲಿಸು, ಕೊನೆಗೆ ನಿನ್ನದೇ ಮಾಡು. ಖಾಲಿ ಪರದೆ ಕೊಟ್ಟು ‘ಏನಾದರೂ ಮಾಡಿ’ ಎನ್ನುವುದು ಐದನೇ ಮೆಟ್ಟಿಲು. ನಾವು ಅದನ್ನೇ ಮೊದಲನೆಯದು ಮಾಡಿಕೊಂಡಿದ್ದೇವೆ.

ಎರಡನೆಯದಕ್ಕೆ ಕರೆಂಟೂ ಬೇಡ. ಹತ್ತು ಬ್ಲಾಕುಗಳ ಪ್ರೋಗ್ರಾಮನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಕಲಸಿ, ಸರಿಯಾದ ಕ್ರಮದಲ್ಲಿ ಜೋಡಿಸಲು ಕೊಡುವುದು. ಜೊತೆಗೆ ಬೇಕೆಂದೇ ಒಂದೆರಡು ತಪ್ಪು ಚೂರು ಸೇರಿಸಬೇಕು. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಈ ಬಗೆಯ ಅಭ್ಯಾಸಗಳನ್ನು ಕಂಪ್ಯೂಟರಿಗೆಂದು ರೂಪಿಸಿದರು. ನಮ್ಮ ಕೊಠಡಿಗೆ ರಟ್ಟೇ ಸಾಕು. ಅದೇ ದೇಶದ ಟಿಮ್ ಬೆಲ್ ಮತ್ತು ಸಂಗಡಿಗರು ಯಂತ್ರವಿಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಚಟುವಟಿಕೆಗಳ ದೊಡ್ಡ ಸಂಗ್ರಹವನ್ನೇ ಮಾಡಿದ್ದಾರೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ವಿಧಾನದ ಕಾರ್ಡುಗಳನ್ನು ಕೈಯಾರೆ ಮಾಡಿದ ನಮ್ಮ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇದು ನೀರು ಕುಡಿದಷ್ಟು ಸುಲಭ.

ಮೂರನೆಯದು ಸಣ್ಣದಾಗಿ ಕಂಡರೂ, ಅದನ್ನು ಮರೆತರೆ ತರಬೇತಿಯೇ ಮುಳುಗುತ್ತದೆ. ತರಬೇತಿಯ ಲ್ಯಾಪ್‌ಟಾಪಿನಲ್ಲಿ 2019ರಲ್ಲಿ ಬಂದ ಸ್ಕ್ರಾಚ್ 3 ಇರುತ್ತದೆ. ಶಾಲೆಯ ಹಳೆಯ ಉಬುಂಟು ಯಂತ್ರದಲ್ಲಿ ಸ್ಕ್ರಾಚ್ 1.4 ಇರಬಹುದು. ಹೊಸದರಲ್ಲಿ ಮಾಡಿದ ಕಡತವನ್ನು ಹಳೆಯದು ತೆರೆಯುವುದೇ ಇಲ್ಲ. ಹಳೆಯದರಲ್ಲಿ ಗೆರೆ ಎಳೆಯುವ ಪೆನ್ ಬ್ಲಾಕುಗಳು ಕಣ್ಣೆದುರಿಗೇ ಇವೆ. ಹೊಸದರಲ್ಲಿ ಎಡಗಡೆ ಕೆಳಮೂಲೆಯ ಗುಂಡಿ ಒತ್ತಿ ಸೇರಿಸಿಕೊಳ್ಳಬೇಕು. ನಮ್ಮದೇ ಹೊಸ ಬ್ಲಾಕು ಮಾಡಿಕೊಳ್ಳುವ ಸೌಲಭ್ಯ ಹೊಸದರಲ್ಲಿದೆ, 1.4ರಲ್ಲಿ ಇಲ್ಲ. ಇದು ಗೊತ್ತಿಲ್ಲದೆ ತರಗತಿಗೆ ಹೋದ ಶಿಕ್ಷಕರು ಮಕ್ಕಳೆದುರು ಪೆನ್ ಹುಡುಕುತ್ತಾ ಬೆವರುತ್ತಾರೆ, ಇನ್ನೊಮ್ಮೆ ಆ ಕೊಠಡಿಯ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ತರಬೇತಿ ನಡೆಯಬೇಕಾದದ್ದು ಶಾಲೆಯಲ್ಲಿರುವ ಯಂತ್ರದ ಮೇಲೆ.

ನಾಲ್ಕನೆಯದು, ಸ್ಕ್ರಾಚನ್ನು ಶಿಕ್ಷಕರ ಸ್ವಂತ ವಿಷಯದೊಳಕ್ಕೆ ತರುವುದು. ಸ್ಕ್ರಾಚಿನ ವೇದಿಕೆ ಒಂದು ಗ್ರಾಫ್ ಹಾಳೆ: ಅಡ್ಡಕ್ಕೆ ಋಣ 240ರಿಂದ ಧನ 240, ಉದ್ದಕ್ಕೆ ಋಣ 180ರಿಂದ ಧನ 180, ನಡುವೆ ಸೊನ್ನೆ. ಒಂಬತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತಕ್ಕೆ ಇದಕ್ಕಿಂತ ಬೇರೆ ಉಪಕರಣ ಬೇಕೇ? ಸಮಾಜ ವಿಜ್ಞಾನದವರು ಎಷ್ಟು ಕ್ವಿಂಟಲ್ ಮೆಕ್ಕೆಜೋಳ, ಕ್ವಿಂಟಲ್ಲಿಗೆ ಎಷ್ಟು, ಹಮಾಲಿ ಎಷ್ಟು ಎಂದು ಬೆಕ್ಕು ಕೇಳಿ, ರೈತನ ಕೈಗೆ ಎಷ್ಟು ಉಳಿಯಿತು ಎಂದು ಹೇಳುವ ಪ್ರೋಗ್ರಾಂ ಮಾಡಿಸಬಹುದು. ಭಾಷಾ ಶಿಕ್ಷಕರಿಗಂತೂ ಸ್ಕ್ರಾಚಿನಲ್ಲಿ ಧ್ವನಿ ಮುದ್ರಿಸುವ ಸೌಲಭ್ಯವಿದೆ. ತಾಂಡಾದ ಮಗು ತನ್ನ ಅಜ್ಜಿಯ ಕತೆಯನ್ನು ಲಂಬಾಣಿಯಲ್ಲೇ ಮುದ್ರಿಸಿ, ಅದಕ್ಕೆ ತಕ್ಕಂತೆ ಚಿತ್ರ ನಡೆಸಬಹುದು. ಕನ್ನಡ ಬರಹದಲ್ಲಿ ತಡವರಿಸುವ ಆ ಮಗುವೇ ಅಂದು ತರಗತಿಗೆ ಗುರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬ್ಲಾಕ್ ಜೋಡಿಸುವುದು ಆಟಿಕೆ ಸರ್, ನಿಜವಾದ ಕೋಡಿಂಗ್ ಅಲ್ಲ ಅಂತ. ಆದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಸರಾಂತ ಸಿಎಸ್50 ಕೋರ್ಸು ಕೂಡ ಸ್ಕ್ರಾಚಿನಿಂದಲೇ ಶುರುವಾಗುತ್ತದೆ. ಕ್ರಮ, ಪುನರಾವರ್ತನೆ, ಷರತ್ತು, ಬದಲಾಗುವ ಬೆಲೆ ಇವು ಬ್ಲಾಕಿನಲ್ಲೂ ಅವೇ, ಟೈಪ್ ಮಾಡುವ ಭಾಷೆಯಲ್ಲೂ ಅವೇ. ಮೆಕ್ಕೆಜೋಳದ ಆಟ ಮಾಡಿದ ಹುಡುಗ ನಾಳೆ ಪೈಥಾನ್ ಎಂಬ ಟೈಪ್ ಮಾಡುವ ಭಾಷೆಯಲ್ಲಿ ಬರೆದರೂ ಅಂಕವನ್ನು ಲೂಪಿನೊಳಗೆ ಸೊನ್ನೆ ಮಾಡಿದರೆ ಆಗುವುದು ಅದೇ ಅವಾಂತರ.

ಇಷ್ಟೆಲ್ಲ ಯಾರು ಮಾಡಬೇಕು? ನಲಿ-ಕಲಿ ಹೇಗೆ ಹುಟ್ಟಿತು ಎಂದು ನೆನಪಿಸಿಕೊಳ್ಳಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಕಾರ್ಡು ಬರೆದು, ತಮ್ಮ ತರಗತಿಯಲ್ಲಿ ಹೊಂದದ್ದನ್ನು ತಿದ್ದಿಕೊಂಡು ಕಟ್ಟಿದ ವಿಧಾನ ಅದು. ರಾಜ್ಯಕ್ಕೆಲ್ಲ ಹರಡಿದ್ದು ಎಷ್ಟೋ ವರ್ಷಗಳ ಮೇಲೆ. ಒಂದು ತಾಲ್ಲೂಕಿನ ಶಿಕ್ಷಕರಿಂದ ಅದು ಸಾಧ್ಯವಾಯಿತು ಎಂದ ಮೇಲೆ ನ್ಯಾಮತಿಯವರಿಂದ ಏಕಾಗದು?

ಅದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇದ್ದೇ ಇದೆ. ಅದರಲ್ಲಿ ಅರ್ಧ ಗಂಟೆಯನ್ನು ಇದಕ್ಕೆಂದು ಎತ್ತಿಡಿ. ಬರುವ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಯ ಒಂದು ಮಗು ಮಾಡಿದ ತಪ್ಪು ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆದು ತರಲಿ. ಮಗುವಿನ ಹೆಸರು ಬೇಡ. ಎಲ್ಲರೂ ಓದಲಿ. ಓಡಿಸಿದರೆ ಏನಾಗುತ್ತದೆ, ಮಗು ಏನು ಅಂದುಕೊಂಡು ಹೀಗೆ ಮಾಡಿರಬಹುದು, ಅದಕ್ಕೆ ಯಾವ ಪ್ರಶ್ನೆ ಕೇಳಬೇಕು ಎಂದು ಚರ್ಚಿಸಲಿ. ತೀರ್ಮಾನವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಒಂದು ಶೈಕ್ಷಣಿಕ ವರ್ಷ ಹೀಗೆ ನಡೆದರೆ, ಈ ನೆಲದ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಎಂಬುದರ ಒಂದು ಕನ್ನಡ ಪುಸ್ತಕವೇ ಸಿದ್ಧವಾಗುತ್ತದೆ. ಮುಂದೆ ತರಬೇತಿ ಕೊಡಲು ಬರುವವರು ಆ ಪುಸ್ತಕ ಓದಿಕೊಂಡು ಬರಲಿ.

ಇಲಾಖೆಯ ಹಿರಿಯರಲ್ಲಿ ಒಂದು ವಿನಂತಿ. ಎಷ್ಟು ಶಿಕ್ಷಕರಿಗೆ ತರಬೇತಿ ಆಯಿತು ಎಂಬ ಲೆಕ್ಕ ನಿಮಗೆ ಬೇಕು, ಅದು ಇರಲಿ. ಆದರೆ ತರಬೇತಿಯ ಕೊನೆಯ ದಿನ ಪ್ರಮಾಣಪತ್ರ ಕೊಡುವ ಮುನ್ನ ಪ್ರತಿಯೊಬ್ಬರ ಕೈಗೂ ಒಂದು ತಪ್ಪು ಪ್ರೋಗ್ರಾಂ ಕೊಟ್ಟು, ಇದನ್ನು ಮಾಡಿದ ಮಗುವಿಗೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು ಎಂದು ಬರೆಸಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೂ ಒಂದು ಮಾತು: ಕಂಪ್ಯೂಟರ್ ಕೊಠಡಿಗೆ ಹೋದಾಗ ಪರದೆಯ ಮೇಲಿನ ಬೆಕ್ಕನ್ನು ನೋಡಿ ಚಪ್ಪಾಳೆ ತಟ್ಟಿ, ತಪ್ಪಿಲ್ಲ. ಆಮೇಲೆ ಒಂದು ಮಗುವನ್ನು ಹತ್ತಿರ ಕರೆದು, ‘ಇದು ಮೊದಲು ಎಲ್ಲಿ ಕೆಟ್ಟಿತ್ತು ಮಗಾ, ಹೇಗೆ ಕಂಡುಹಿಡಿದೆ?’ ಎಂದು ಕೇಳಿ. ಆ ಮಗು ಎಲ್ಲಿ ಕೆಟ್ಟಿತ್ತು, ಯಾಕೆ ಕೆಟ್ಟಿತ್ತು ಎಂದು ಬಿಡಿಸಿ ಹೇಳಿದರೆ ನಿಮ್ಮ ಊರಿನ ಶಾಲೆಯ ಶಿಕ್ಷಕರು ಚೆನ್ನಾಗಿ ತಯಾರಾಗಿದ್ದಾರೆ ಎಂದೇ ಲೆಕ್ಕ.